ಹಾಡು ಯಾರ ಶ್ರುತಿಗೆ? ವೈಜಾಗ್, ವಿಜಯವಾಡದ ಹೊಸ ಕ್ರೈಸ್ತ ಸಂಗೀತದ ಬಗ್ಗೆ ಒಂದು ಮಾತು

ನನ್ನೂರು ಬಳ್ಳಾರಿ. ಎಂಟೆಕ್ ಮುಗಿಸಿ ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ವಿಶಾಖಪಟ್ಟಣಕ್ಕೆ ಬಂದೆ. ಬಂದು ಆರು ವರ್ಷ ಆಯ್ತು. ವಾರದ ಐದು ದಿನ ಋಷಿಕೊಂಡ ಗುಡ್ಡದ ಮೇಲೆ ಲ್ಯಾಪ್‌ಟಾಪ್ ಮುಂದೆ, ಭಾನುವಾರ ಬೆಳಿಗ್ಗೆ ಊರೊಳಗಿನ ಒಂದು ಚರ್ಚಿನಲ್ಲಿ ಕೀಬೋರ್ಡ್ ಮುಂದೆ. ಹೆಂಡತಿಯ ತವರು ವಿಜಯವಾಡ. ಹಾಗಾಗಿ ಎರಡು ತಿಂಗಳಿಗೊಮ್ಮೆಯಾದರೂ ರತ್ನಾಚಲ ಎಕ್ಸ್‌ಪ್ರೆಸ್ ಹತ್ತಿ ಅಲ್ಲಿಗೆ ಹೋಗ್ತೀವಿ.

ಈ ಚಾನೆಲ್‌ನಲ್ಲಿ ನಮ್ಮಂಥ ಹೊರನಾಡ ಐಟಿ ಮಂದಿ ಸಾಮಾನ್ಯವಾಗಿ ಮಕ್ಕಳ ಕನ್ನಡ, ಬಾಡಿಗೆ ಮನೆ, ಆನ್‌ಸೈಟ್, ವಾಪಸ್ ಹೋಗಬೇಕೋ ಬೇಡವೋ, ಇಂಥ ವಿಷಯ ಮಾತಾಡ್ತೀವಿ. ನಾನು ಇವತ್ತು ಹಾಡಿನ ಬಗ್ಗೆ ಮಾತಾಡ್ತೀನಿ. ನೀವು ಯಾವ ದೇವರಿಗೆ ಕೈ ಮುಗಿಯುವವರೇ ಆಗಿರಿ, ಮುಗಿಯದವರೇ ಆಗಿರಿ, ಈ ಪ್ರಶ್ನೆ ನಿಮ್ಮ ಭಜನಾ ಮಂಡಳಿಗೂ ನಿಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೂ ಬಂದೇ ಬರುತ್ತೆ. ಹಾಡು ಕೇಳುವವರು ಹೆಚ್ಚಾದಷ್ಟೂ ಹಾಡುವವರು ಕಮ್ಮಿ ಆಗ್ತಾರಾ? ಆಂಧ್ರದ ಕರಾವಳಿಯಲ್ಲಿ ಇದನ್ನ ಕಣ್ಣಾರೆ ನೋಡಬಹುದು.

ಮೊದಲು ಆ ಹೆಸರಿನ ಕಥೆ. ಕಂಟೆಂಪರರಿ ಕ್ರಿಶ್ಚಿಯನ್ ಮ್ಯೂಸಿಕ್ ಅಂತ ಕರೆಯೋ ಸಂಗೀತ ಹುಟ್ಟಿದ್ದು ಅಮೆರಿಕದಲ್ಲಿ, 1960ರ ದಶಕದ ಕೊನೆಗೆ. ಕ್ಯಾಲಿಫೋರ್ನಿಯಾದ ಉದ್ದ ಕೂದಲಿನ ಹಿಪ್ಪಿ ಹುಡುಗರು ಚರ್ಚಿಗೆ ಬಂದರು, ಬರುವಾಗ ಗಿಟಾರನ್ನೂ ತಂದರು. ಲ್ಯಾರಿ ನಾರ್ಮನ್‌ನ ಮೊದಲ ರಾಕ್ ಆಲ್ಬಂ ಬಂದದ್ದು 1969ರಲ್ಲಿ. ಕೋಸ್ಟಾ ಮೆಸಾ ಊರಿನ ಕ್ಯಾಲ್ವರಿ ಚಾಪೆಲ್‌ನಿಂದ 1971ರಲ್ಲಿ ಮರನಾಥಾ ಮ್ಯೂಸಿಕ್ ಶುರುವಾಯ್ತು. ಆಮೇಲೆ ಎಮಿ ಗ್ರ್ಯಾಂಟ್, ಆಮೇಲೆ ಸಿಡ್ನಿಯ ಹಿಲ್‌ಸಾಂಗ್. ಆ ಚರ್ಚು 1983ರಲ್ಲಿ ಶುರುವಾಗಿದ್ದು, ಇಪ್ಪತ್ತು ವರ್ಷದಲ್ಲಿ ಅದರ ಹಾಡು ಗೊತ್ತಿಲ್ಲದ ಇಂಗ್ಲಿಷ್ ಚರ್ಚೇ ಇಲ್ಲ ಅನ್ನೋ ಹಾಗಾಯ್ತು. ನಡುವೆ ಒಂದಷ್ಟು ವರ್ಷ ಈ ಸಂಗೀತ ಮುದುಕಾಯ್ತು, ಎಲ್ಲ ಹಾಡೂ ಒಂದೇ ಥರ ಕೇಳ್ತದೆ ಅಂತ ಜನ ನಗಾಡಿದರು. ಈಗ ಮತ್ತೆ ಎದ್ದಿದೆ: 2025ರಲ್ಲಿ ಬ್ರ್ಯಾಂಡನ್ ಲೇಕ್, ಫಾರೆಸ್ಟ್ ಫ್ರ್ಯಾಂಕ್ ಇವರ ಹಾಡುಗಳು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯೊಳಗೇ ಬಂದವು. ಅಮೆರಿಕದ ಕಥೆ ಇಷ್ಟು ಸಾಕು.

ಯಾಕಂದ್ರೆ ಇಲ್ಲಿ, ವೈಜಾಗ್‌ನಲ್ಲಿ, ನನ್ನ ಬೆಂಗಳೂರಿನ ಗೆಳೆಯರು ಅಂದುಕೊಳ್ಳೋ ಹಾಗೆ ಆ ಹಾಡುಗಳ ನಕಲು ನಡೀತಾ ಇಲ್ಲ. ಇಂಗ್ಲಿಷ್ ಸರ್ವಿಸ್ ಇರೋ ಒಂದೆರಡು ಚರ್ಚುಗಳಲ್ಲಿ, ಕಾಲೇಜು ಹುಡುಗರ ಫೆಲೋಶಿಪ್‌ಗಳಲ್ಲಿ ಹಿಲ್‌ಸಾಂಗ್, ಎಲಿವೇಶನ್ ಹಾಡ್ತಾರೆ, ಹೌದು. ಆದರೆ ಆಟೋದಲ್ಲಿ, ಟೈಲರ್ ಅಂಗಡಿಯಲ್ಲಿ, ಮೀನು ಮಾರ್ಕೆಟ್ಟಿನ ಪಕ್ಕದ ಟೀ ಅಂಗಡಿಯಲ್ಲಿ ಕೇಳೋದು ತೆಲುಗು. ಆ ತೆಲುಗು ಹಾಡು ತನ್ನದೇ ದಾರಿ ಹಿಡಿದು ಬಂದದ್ದು, ಅದೂ ಇನ್ನೂರು ವರ್ಷದ ದಾರಿ.

ಆ ದಾರಿಯ ಒಂದು ತುದಿ ನಮ್ಮ ಬಳ್ಳಾರಿಗೂ ತಾಗುತ್ತೆ. ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರ್ಯಾನ್ ಮತ್ತು ಅಗಸ್ಟಸ್ ಡೆ ಗ್ರಾಂಜಸ್ 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದಿಳಿದರು, ತೆಲುಗು ಬೈಬಲ್ ಅನುವಾದದ ಕೆಲಸ ಹಚ್ಚಿಕೊಂಡರು. ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲ್ ಅನುವಾದಕ್ಕೆ ಕೂತರು. ಒಂದೇ ಆಫೀಸು, ಎರಡು ಬ್ರಾಂಚು, ಐದು ವರ್ಷದ ಅಂತರ. ಹಾಗಿದ್ದ ಮೇಲೆ ಹಾಡಿನಲ್ಲಿ ಇಷ್ಟು ವ್ಯತ್ಯಾಸ ಯಾಕೆ ಬಂತು ಅಂತ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಬಳ್ಳಾರಿಯಲ್ಲಿ ನಾನು ಚಿಕ್ಕವನಿದ್ದಾಗ ಚರ್ಚಿನಲ್ಲಿ ಹಾಡಿದ ಹಳೇ ಹಾಡುಗಳಲ್ಲಿ ಬಹಳಷ್ಟು ಇಂಗ್ಲಿಷ್ ಧಾಟಿಯವು, ಮಾತು ಮಾತ್ರ ಕನ್ನಡದ್ದು. ಬಾಸೆಲ್ ಮಿಷನ್ ಇದ್ದ ಮಂಗಳೂರು, ಧಾರವಾಡ ಕಡೆ ಜರ್ಮನ್ ಧಾಟಿ. ಕಿಟ್ಟೆಲ್ ಸಾಹೇಬರಿಗೆ ಇದು ಸರಿ ಕಾಣಲಿಲ್ಲ ಅನ್ನಿಸುತ್ತೆ, 1862ರಲ್ಲಿ ಅವರು 'ಕಥಾಮಾಲೆ' ಅಂತ ಕ್ರಿಸ್ತನ ಕಥೆಯನ್ನ ನಮ್ಮ ಛಂದಸ್ಸಿನಲ್ಲೇ ಕಟ್ಟಿದರು. ನಮಗೆ ಅವರು ನೆನಪಿರೋದು ಮಾತ್ರ ನಿಘಂಟಿನಿಂದ. ಆ ಪದ್ಯದ ದಾರಿ ಮುಖ್ಯ ರಸ್ತೆ ಆಗಲಿಲ್ಲ.

ತೆಲುಗಿನಲ್ಲಿ ಆಯ್ತು. ಅದಕ್ಕೆ ದೊಡ್ಡ ಕಾರಣ ಪುರುಷೋತ್ತಮ ಚೌಧರಿ ಅನ್ನೋ ಒಬ್ಬ ಮನುಷ್ಯ. 1803ರಲ್ಲಿ ಹುಟ್ಟಿದ ಬಂಗಾಳಿ ಮೂಲದ ಬ್ರಾಹ್ಮಣ ಕುಟುಂಬದವರು, ಬೆಳೆದದ್ದು ಒಡಿಶಾ–ಆಂಧ್ರ ಗಡಿಯಲ್ಲಿ. 1833ರಲ್ಲಿ ಕಟಕ್‌ನಲ್ಲಿ ದೀಕ್ಷಾಸ್ನಾನ ಪಡೆದರು, 1890ರವರೆಗೆ ಬದುಕಿದರು. ಅವರು ತೆಲುಗಿನಲ್ಲಿ ನೂರಕ್ಕೂ ಹೆಚ್ಚು ಕೀರ್ತನೆ ಬರೆದರು. ಪಲ್ಲವಿ, ಅನುಪಲ್ಲವಿ, ಚರಣ, ಅದೇ ಕಟ್ಟು. ಇವತ್ತಿಗೂ ಇಲ್ಲಿನ ಚರ್ಚುಗಳಲ್ಲಿ ಇರುವ 'ಆಂಧ್ರ ಕ್ರೈಸ್ತವ ಕೀರ್ತನಲು' ಪುಸ್ತಕ ತೆರೆದು ನೋಡಿ, ಹಾಡಿನ ತಲೆಯ ಮೇಲೆ ರಾಗ, ತಾಳ ಅಚ್ಚಾಗಿರುತ್ತೆ. ನಮ್ಮ ದಾಸರ ಪದಗಳ ಪುಸ್ತಕದ ಹಾಗೇ. ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯ್ತು.

ಇನ್ನೊಂದು ವಿಷಯ, ಕನ್ನಡಿಗರಿಗೆ ಮಾತ್ರ ಸಿಗೋ ಖುಷಿ ಇದು. ಪರದೆ ಮೇಲೆ ತೆಲುಗು ಹಾಡು ಬಂದಾಗ ನಮಗೆ ಅಕ್ಷರ ಓದೋಕೆ ಬರುತ್ತೆ. ತಲೆಕಟ್ಟು ಸ್ವಲ್ಪ ಬೇರೆ, ಕ ಮತ್ತು ತ ಬಳಿ ಒಂದು ಕ್ಷಣ ಕಣ್ಣು ತಡವರಿಸುತ್ತೆ, ಆದರೆ ಎರಡು ತಿಂಗಳಿಗೆ ಅಭ್ಯಾಸ ಆಗಿಹೋಗುತ್ತೆ. ತಮಿಳುನಾಡಿನಿಂದ ಬಂದ ನನ್ನ ಟೀಂಮೇಟ್ ಅದೇ ಹಾಡನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡ್ತಾನೆ. ನಾನು ನೇರ ಓದ್ತೀನಿ. ಕೃಪೆ, ಕರುಣೆ, ರಕ್ಷಣೆ, ಸನ್ನಿಧಿ, ಮಹಿಮೆ, ಇವೆಲ್ಲ ಎರಡೂ ಭಾಷೆಗೂ ಸೇರಿದ ಆಸ್ತಿ. ಅರ್ಥ ಆಗದೆ ಉಳಿಯೋದು ಕ್ರಿಯಾಪದ ಮಾತ್ರ, ಅದೂ ರಾಗಕ್ಕೆ ಸಿಕ್ಕಿ ಅರ್ಧ ಅರ್ಥ ಆಗಿಬಿಡುತ್ತೆ.

ಕೀರ್ತನೆಯ ಕಟ್ಟು ಯಾಕೆ ಮುಖ್ಯ ಅಂದ್ರೆ, ಅದು ಓದು ಬಾರದವರಿಗೆ ಹೇಳಿ ಮಾಡಿಸಿದ ಕಟ್ಟು. ಕೃಷ್ಣಾ, ಗುಂಟೂರು, ಪ್ರಕಾಶಂ, ಗೋದಾವರಿ ಜಿಲ್ಲೆಗಳಲ್ಲಿ ಚರ್ಚಿಗೆ ಬಂದವರಲ್ಲಿ ಬಹುಪಾಲು ಮಾಲ, ಮಾದಿಗ ಕೇರಿಗಳ ಜನ. 1878ರ ಜುಲೈ 3ರಂದು ಓಂಗೋಲು ಬಳಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದದ್ದು ಮಿಷನ್ ಇತಿಹಾಸದಲ್ಲಿ ದಾಖಲಾಗಿದೆ. ಅವರಲ್ಲಿ ಪುಸ್ತಕ ಹಿಡಿದು ಓದಬಲ್ಲವರು ಎಷ್ಟು ಜನ ಇದ್ದಿರಬಹುದು? ಆದರೆ ಒಬ್ಬ ಮುಂದೆ ನಿಂತು ಚರಣ ಹಾಡಿದರೆ ಉಳಿದವರು ಪಲ್ಲವಿ ಹಿಡೀಬಹುದು. ಮೂರು ಸಲ ಪಲ್ಲವಿ ಹಾಡಿದರೆ ಬಾಯಿಪಾಠ. ಅಕ್ಷರ ಕೈಗೆ ಸಿಗದ ಕಾಲದಲ್ಲಿ ಆ ಜನರ ಪುಸ್ತಕ ಅಂದ್ರೆ ಅವರ ಗಂಟಲೇ. ಇದೇ ಸೀಮೆಯಿಂದ, ಇದೇ ಜನರೊಳಗಿಂದ ಗುರ್ರಂ ಜಾಷುವಾ ಅಂಥ ದೊಡ್ಡ ಕವಿ ಬಂದರು, 1964ರಲ್ಲಿ 'ಕ್ರೀಸ್ತು ಚರಿತ್ರ'ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಜಾಷುವಾ ಅವರದು ಪಂಡಿತರ ಪದ್ಯ, ಅದು ಬೇರೆ ವಿಷಯ. ಆದರೆ ತೆಲುಗು ಮಾತಿನ ಮೇಲೆ ಈ ಜನಕ್ಕೆ ಇರೋ ಹಕ್ಕಿನ ಭಾವ ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಆ ಕೀರ್ತನೆಗಳ ಕಡೆಗೂ ಕೈ ತೋರಿಸ್ತೀನಿ.

ಇನ್ನು ಬದಲಾವಣೆ. ನನ್ನ ಅತ್ತೆ ವಿಜಯವಾಡದಲ್ಲಿ ಹುಟ್ಟಿ ಬೆಳೆದವರು, ಆಕಾಶವಾಣಿ ಕೇಳಿ ಬೆಳೆದವರು. ಆ ಕೇಂದ್ರ 1948ರಲ್ಲಿ ಶುರುವಾದದ್ದು. ಕ್ರಿಸ್‌ಮಸ್ ಹೊತ್ತಿಗೆ ರೇಡಿಯೋದಲ್ಲಿ ಬರೋ ಹಾಡಿಗೆ ಕೇರಿಯೆಲ್ಲ ಕಾಯ್ತಿತ್ತಂತೆ. 1978ರಲ್ಲಿ 'ಕರುಣಾಮಯುಡು' ಸಿನಿಮಾ ಬಂತು. ವಿಜಯಚಂದರ್ ಯೇಸುವಿನ ಪಾತ್ರ, ಬಾಲಸುಬ್ರಹ್ಮಣ್ಯಂ ದನಿ. ತೆಲುಗು ಭಕ್ತಿಗೀತೆ ಸಿನಿಮಾದ ಸ್ಟುಡಿಯೋ ಹೊಕ್ಕಿದ್ದನ್ನ ಊರೂರಿಗೆ ತಿಳಿಸಿದ ಸಿನಿಮಾ ಅದು ಅಂತ ನನ್ನ ಲೆಕ್ಕ. ಆಮೇಲೆ ಕ್ಯಾಸೆಟ್ ಕಾಲ. ಎಸ್ಪಿಬಿ, ಪಿ. ಸುಶೀಲಾ, ಎಸ್. ಜಾನಕಿ ಎಲ್ಲರೂ ಕ್ರೈಸ್ತ ಹಾಡುಗಳನ್ನ ಹಾಡಿದರು. ಸುಶೀಲಮ್ಮ ಇಲ್ಲೇ ಪಕ್ಕದ ವಿಜಯನಗರಂನವರು, ಜಾನಕಮ್ಮ ಗುಂಟೂರು ಸೀಮೆಯವರು. ಹಾಡುವವರ ಧರ್ಮ ಯಾವುದು ಅಂತ ಯಾರೂ ಕೇಳಲಿಲ್ಲ. 'ಎದೆ ತುಂಬಿ ಹಾಡುವೆನು' ನೋಡಿ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹಾಡು ಚೆನ್ನಾಗಿದ್ದರೆ ಎಸ್ಪಿಬಿ ನಮ್ಮವರು, ಅಷ್ಟೇ.

ಗುಂಟೂರಿನ ಹೊಸನ್ನಾ ಮಿನಿಸ್ಟ್ರೀಸ್‌ನವರು ಇದಕ್ಕೆ ಇನ್ನೊಂದು ತಿರುವು ಕೊಟ್ಟರು. ಪ್ರತಿ ಹೊಸ ವರ್ಷಕ್ಕೆ ಒಂದು ಹೊಸ ಆಲ್ಬಂ. ಯೇಸನ್ನ ಅವರು ಶುರುಮಾಡಿದ ಆ ಸಂಘದ 'ಗುಡಾರಾಲ ಪಂಡುಗ'ಕ್ಕೆ ಗುಂಟೂರಿನ ಬಳಿ ಜನ ಸಾಗರ ಸೇರುತ್ತೆ, ಬೇರೆ ಊರಿನ ಬೇರೆ ಚರ್ಚಿನವರೂ ಆ ಹಾಡು ಕಲಿತು ಹೋಗ್ತಾರೆ. ಉಗಾದಿಗೆ ಪಂಚಾಂಗ ಕೊಂಡ ಹಾಗೆ ಜನವರಿಗೆ ಹೊಸ ಹಾಡು. ಯೇಸುವನ್ನ 'ಯೇಸಯ್ಯ' ಅಂತ ಕರೆಯೋ ಸಲಿಗೆ ಹಳೇದೇ, ಆದರೆ ಹೊಸ ಹಾಡುಗಳಲ್ಲಿ ಅದು ಸಾಲು ಸಾಲಿಗೂ ಬರುತ್ತೆ. ಬಸವಣ್ಣನವರ 'ಅಯ್ಯಾ' ಕೇಳಿ ಬೆಳೆದ ನಮ್ಮ ಕಿವಿಗೆ ಅದು ಪರಕೀಯ ಅನ್ನಿಸೋದೇ ಇಲ್ಲ. ಬಳ್ಳಾರಿ, ರಾಯಚೂರು ಕಡೆ ಎಷ್ಟೋ ಸಣ್ಣ ಚರ್ಚುಗಳಲ್ಲಿ ಇದೇ ತೆಲುಗು ಹಾಡುಗಳನ್ನ ಹಾಗೇ ಹಾಡ್ತಾರೆ, ಇಲ್ಲಾ ಧಾಟಿ ಇಟ್ಟುಕೊಂಡು ಕನ್ನಡ ಮಾತು ಕೂರಿಸ್ತಾರೆ. ಕೂರಿಸುವಾಗ ಕೆಲವು ಸಲ ಪಾಪ ಕನ್ನಡಕ್ಕೆ ಉಸಿರು ಕಟ್ಟುತ್ತೆ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಅಲ್ಲಿಂದಾಚೆ ನೀವು ನೋಡ್ತಿರೋದು ಬೇರೆಯೇ ಲೋಕ. ಪ್ರಾಣಂ ಕಮಲಾಕರ್ ಅಂಥ ಸಂಗೀತ ನಿರ್ದೇಶಕರ ವಿಡಿಯೋ ನೋಡಿ: ವೀಣೆ, ಕೊಳಲು, ವಯಲಿನ್ ಸಾಲು, ತಬಲಾ, ಸಿನಿಮಾ ಗಾಯಕರು, ಒಳ್ಳೇ ಕ್ಯಾಮೆರಾ. ಕೆಲಸದ ಗುಣಮಟ್ಟ ಸಿನಿಮಾಕ್ಕಿಂತ ಒಂದು ಕೂದಲೂ ಕಮ್ಮಿ ಇಲ್ಲ. ಅಮೆರಿಕದಲ್ಲಿರೋ ತೆಲುಗಿನವರು ಸಾಹಿತ್ಯ ಬರೆದು ಖರ್ಚು ಹಾಕ್ತಾರೆ, ಹೈದರಾಬಾದಿನಲ್ಲೋ ಚೆನ್ನೈನಲ್ಲೋ ಧ್ವನಿಮುದ್ರಣ ಆಗುತ್ತೆ, ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಆಟೋದವನು ಅದನ್ನ ಕೇಳ್ತಾನೆ. ಫೆಬ್ರವರಿ 11ರ ಹೊತ್ತಿಗೆ ಗುಣದಲ ಮಾತೆಯ ಜಾತ್ರೆಗೆ ಹೋದರೆ ಗುಡ್ಡ ಹತ್ತೋ ದಾರಿಯುದ್ದಕ್ಕೂ ಸ್ಪೀಕರ್. ಕಥೋಲಿಕರ ಪುಣ್ಯಕ್ಷೇತ್ರ ಅದು, ಆದರೆ ತೆಂಗಿನಕಾಯಿ ಒಡೆಯೋರು, ಮುಡಿ ಕೊಡೋರು, ಎಲ್ಲ ಧರ್ಮದವರೂ ಇರ್ತಾರೆ. ಎಲ್ಲರ ಫೋನಿನಲ್ಲೂ ಇವೇ ಹಾಡು.

ಇದರ ಆಕರ್ಷಣೆ ಎಲ್ಲಿದೆ ಅಂತ ಅರ್ಥ ಮಾಡಿಕೊಳ್ಳಬೇಕಾದರೆ ನಮ್ಮ ಐಟಿ ಜನವನ್ನೇ ನೋಡಿ. ನನ್ನ ಟೀಮಿನಲ್ಲಿ ವಿಜಯವಾಡ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಅಮೆರಿಕದ ಕ್ಲೈಂಟ್ ಸಮಯಕ್ಕೆ ರಾತ್ರಿ ಪಾಳಿ. ಪ್ರೊಡಕ್ಷನ್ ರಿಲೀಸ್ ಇದ್ದ ರಾತ್ರಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇವೇ ಹಾಡು ಕೇಳ್ತಾಳೆ. "ಅಣ್ಣಾ, ಚರ್ಚಿಗೆ ಹೋಗಿ ಮೂರು ತಿಂಗಳಾಯ್ತು, ಭಾನುವಾರ ನಿದ್ದೆ ಬೇಕು, ಆದರೆ ಹಾಡು ಒಂದು ದಿನ ಬಿಟ್ಟಿಲ್ಲ" ಅಂದಳು. ಅವಳಿಗೆ ಹಾಡು ಚರ್ಚಿನ ಭಾಗ ಅಲ್ಲ, ಚರ್ಚಿಗೆ ಬದಲಿ. ಒಬ್ಬಳೇ ಇರೋ ಪಿಜಿ ರೂಮಿನಲ್ಲಿ ಯಾರೋ ತನ್ನ ಹೆಸರು ಹಿಡಿದು ಮಾತಾಡಿಸಿದ ಹಾಗೆ ಅನ್ನಿಸಬೇಕು, ಅದಕ್ಕೆ ಹಾಡಿನ ತುಂಬ 'ನಾನು', 'ನೀನು'. ಹಳೇ ಕೀರ್ತನೆಯಲ್ಲಿ 'ನಾವು' ಹೆಚ್ಚು ಅಂತ ನನಗೆ ಅನ್ನಿಸುತ್ತೆ. ಎಣಿಸಿ ಹೇಳ್ತಿರೋ ಮಾತಲ್ಲ, ಹಾಡಿ ಹಾಡಿ ಬಂದ ಅನ್ನಿಸಿಕೆ. ಊರು ಬಿಟ್ಟವರಿಗೆ 'ನಾವು' ಅನ್ನೋಕೆ ಪಕ್ಕದಲ್ಲಿ ಜನ ಬೇಕಲ್ಲ. ಅವಳನ್ನ ನೋಡಿ ಹೊಸ ಹಾಡು ಕೆಟ್ಟದ್ದು ಅಂತ ಹೇಳೋ ಧೈರ್ಯ ನನಗಿಲ್ಲ.

ಆದರೆ ಭಾನುವಾರ ಬೆಳಿಗ್ಗೆ ನನ್ನ ಸಮಸ್ಯೆ ಬೇರೆ.

ಹಾರ್ಮೋನಿಯಂ ಗೊತ್ತಿದ್ದವರಿಗೆ ಬೇಗ ತಿಳಿಯುತ್ತೆ, ಗೊತ್ತಿಲ್ಲದವರಿಗೆ ಸುಲಭ ಮಾಡಿ ಹೇಳ್ತೀನಿ. ನೂರು ಜನ ಒಟ್ಟಿಗೆ, ಅಂದರೆ ಅಜ್ಜ, ಅಜ್ಜಿ, ಹುಡುಗರು, ಕಟ್ಟಿದ ಗಂಟಲಿನ ಅಪ್ಪಂದಿರು ಎಲ್ಲರೂ ಸೇರಿ ಹಾಯಾಗಿ ಹಾಡೋ ಜಾಗ ಒಂದು ಸ್ಥಾಯಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಳೇ ಕೀರ್ತನೆಗಳಲ್ಲಿ ಹೆಚ್ಚಿನವು ಆ ಜಾಗದೊಳಗೇ ಓಡಾಡ್ತವೆ. ಸಿನಿಮಾ ಗಾಯಕರಿಗಾಗಿ ಕಟ್ಟಿದ ಹಾಡು ಒಂದೂವರೆ ಸ್ಥಾಯಿ ಕೇಳುತ್ತೆ. ಪಲ್ಲವಿ ಕೆಳಗೆ ಪಿಸುಮಾತಿನ ಹಾಗೆ ಶುರು, ಕೊನೆಯ ಚರಣಕ್ಕೆ ಮೇಲಕ್ಕೆ ಹಾರಿ ಅಲ್ಲೇ ನಿಲ್ಲುತ್ತೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದೆ, ಇಳಿಸು ಅಂತೀರಿ. ಇಳಿಸಿದೆ. ಚರಣ ಕೈಗೆ ಸಿಕ್ತು, ಪಲ್ಲವಿ ಬಾವಿಗೆ ಬಿತ್ತು. ಏರಿಸಿದೆ. ಪಲ್ಲವಿ ಸರಿ ಹೋಯ್ತು, ಚರಣದಲ್ಲಿ ಮೈಕ್ ಹಿಡಿದ ಮೂವರನ್ನ ಬಿಟ್ಟು ಇಡೀ ಹಾಲ್ ಬಾಯಿ ಮುಚ್ಚಿತು. ಇದು ಶ್ರುತಿಯ ಸಮಸ್ಯೆ ಆಗಿದ್ದರೆ ಬಟನ್ ಒತ್ತಿ ಮುಗಿಸಬಹುದಿತ್ತು, ಇದು ಹಾಡಿನ ಹರವಿನ ಸಮಸ್ಯೆ. ಅದಕ್ಕೆ ಬಟನ್ ಇಲ್ಲ.

ಅದರ ಮೇಲೆ ಬಿಜಿಎಂ. ಪಲ್ಲವಿಗೂ ಚರಣಕ್ಕೂ ನಡುವೆ ಸಿನಿಮಾ ಹಾಡಿನ ಹಾಗೆ ಅರ್ಧ ನಿಮಿಷ ಕೊಳಲು, ವಯಲಿನ್. ರೆಕಾರ್ಡಿಂಗ್‌ನಲ್ಲಿ ಸೊಗಸು. ಚರ್ಚಿನಲ್ಲಿ ಆ ಅರ್ಧ ನಿಮಿಷ ಜನ ಏನು ಮಾಡಬೇಕು? ಪರದೆ ನೋಡ್ತಾರೆ, ಮೊಬೈಲ್ ನೋಡ್ತಾರೆ, ಚರಣ ಎಲ್ಲಿ ಶುರು ಅಂತ ಗೊತ್ತಾಗದೆ ಮೊದಲ ಸಾಲು ಬಿಟ್ಟು ಎರಡನೇ ಸಾಲಿಗೆ ಸೇರಿಕೊಳ್ತಾರೆ. ಕೆಲವು ದೊಡ್ಡ ಚರ್ಚುಗಳಲ್ಲಿ ಈ ತಾಪತ್ರಯವೇ ಬೇಡ ಅಂತ ಟ್ರ್ಯಾಕ್ ಹಾಕಿಬಿಡ್ತಾರೆ. ಲ್ಯಾಪ್‌ಟಾಪಿನಿಂದ ತಂತಿವಾದ್ಯ, ಕಿವಿಯಲ್ಲಿ ಕ್ಲಿಕ್, ಡ್ರಮ್ಮರ್ ಗಾಜಿನ ಗೂಡಿನಲ್ಲಿ. ಕ್ಲಿಕ್ ಓಡ್ತಾ ಇರುವಾಗ ಜನ ಪಲ್ಲವಿಯನ್ನ ಇನ್ನೊಂದು ಸಲ ಹಾಡಬೇಕು ಅಂದುಕೊಂಡರೂ ಹಾಡೋಕೆ ಆಗಲ್ಲ, ಟ್ರ್ಯಾಕ್ ಮುಂದೆ ಹೋಗಿರುತ್ತೆ. ನಾನು ಇಂಜಿನಿಯರ್, ಆಟೋಮೇಶನ್ ಮೇಲೆ ನನಗೆ ದ್ವೇಷ ಇಲ್ಲ, ಅದೇ ನನ್ನ ಅನ್ನ. ಆದರೆ ಪೈಪ್‌ಲೈನ್ ಕಟ್ಟುವಾಗ ಬಳಸೋರು ಯಾರು ಅಂತ ಕೇಳ್ತೀವಲ್ಲ, ಇಲ್ಲಿ ಬಳಸೋರು ಎದುರು ಕೂತ ಜನ. ಅವರನ್ನೇ ಕೇಳಿಲ್ಲ.

ಹೋದ ಮಳೆಗಾಲ ಅತ್ತೆ ನಮ್ಮ ಮನೆಗೆ ಬಂದಿದ್ದರು, ಎರಡು ತಿಂಗಳಿದ್ದರು. ಅವರಿಗೆ ಕೀರ್ತನೆ ಪುಸ್ತಕ ಹೆಚ್ಚು ಕಮ್ಮಿ ಬಾಯಿಪಾಠ, ರಾಗದ ಹೆಸರು ಗೊತ್ತಿಲ್ಲ, ಆದರೆ ಆನಂದಭೈರವಿ ಎಲ್ಲಿ ತಪ್ಪಿತು ಅಂತ ಥಟ್ಟನೆ ಹೇಳ್ತಾರೆ. ನಾಲ್ಕು ಭಾನುವಾರ ನಮ್ಮ ಚರ್ಚಿಗೆ ಬಂದರು. ನಾಲ್ಕನೇ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಕೇಳಿದೆ, "ಅತ್ತಯ್ಯಾ, ಹಾಡು ಹೇಗಿತ್ತು?"

"ಚಾಲಾ ಬಾಗುಂದಿ ಬಾಬೂ," ಅಂದರು. ತುಂಬ ಚೆನ್ನಾಗಿತ್ತು ಅಂತ. ಪಪ್ಪು ಬಡಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಅಂದರು: "ಕಾನೀ ಅವಿ ಪಾಡಡಾನಿಕಿ ಕಾದು, ವಿನಡಾನಿಕಿ." ಆದರೆ ಅವು ಹಾಡೋಕಲ್ಲ, ಕೇಳೋಕೆ.

ದೂರು ಹೇಳೋ ದನಿಯೇ ಅಲ್ಲ ಅದು. ಅವರು ಮನೆಯಲ್ಲಿ ಯೂಟ್ಯೂಬಿನಲ್ಲಿ ಅವೇ ಹಾಡು ಹಾಕಿಕೊಂಡು ಸೊಪ್ಪು ಬಿಡಿಸ್ತಾರೆ, ಖುಷಿಯಿಂದ. ಮನೆಯಲ್ಲಿ ಕೇಳೋಕೆ ಒಂದು, ಚರ್ಚಿನಲ್ಲಿ ಹಾಡೋಕೆ ಒಂದು ಅಂತ ಅವರ ಲೆಕ್ಕ. ಎರಡನೇದು ಸಿಗಲಿಲ್ಲ, ಅಷ್ಟೇ.

ಇದು ಕ್ರೈಸ್ತರಿಗೆ ಮಾತ್ರ ಬಂದ ಸಂಗತಿ ಅಂತ ಅಂದುಕೊಳ್ಳಬೇಡಿ. ದಾಸರ ಪದ ಏಕತಾರಿ, ಚಿಟಿಕೆ ಹಿಡಿದು ಬೀದಿಯಲ್ಲಿ ಹಾಡಿದ್ದು. ಅದನ್ನ ಭೀಮಸೇನ ಜೋಶಿಯವರು 'ದಾಸವಾಣಿ' ಅಂತ ಹಾಡಿದಾಗ ಅದು ಬೇರೆ ಎತ್ತರಕ್ಕೆ ಹೋಯ್ತು, ನಮ್ಮ ಪುಣ್ಯ. ಆದರೆ ಅದನ್ನ ಕೇಳಿ ಆದಮೇಲೆ ಭಜನೆಯಲ್ಲಿ ಅದೇ ಪದ ಎತ್ತಿಕೊಳ್ಳೋಕೆ ಮನೆಯ ಹೆಂಗಸರು ನಾಚಿಕೊಂಡದ್ದನ್ನ ನಾನು ಕಂಡಿದ್ದೀನಿ. ಜೋಶಿಯವರ ತಪ್ಪೇನಿಲ್ಲ ಅದರಲ್ಲಿ. ಒಂದು ಹಾಡಿಗೆ 'ಇದೇ ಸರಿಯಾದ ರೂಪ' ಅನ್ನೋ ರೆಕಾರ್ಡಿಂಗ್ ಬಂದಮೇಲೆ ನಮ್ಮ ಗಂಟಲು ನಮಗೇ ಸಾಲದು ಅನ್ನಿಸಿಬಿಡುತ್ತೆ. ತೆಲುಗು ಚರ್ಚಿನಲ್ಲಿ ಈಗ ಹೊಸ ಹಾಡು ಹುಟ್ಟೋದೇ ಆ ರೂಪದಲ್ಲಿ. ಅದಕ್ಕೆ ಮೊದಲು ಒಂದು ಬೀದಿ, ಒಂದು ಕೇರಿ, ಒಂದು ಪ್ರಾರ್ಥನಾ ಕೂಟ ಇರೋದೇ ಇಲ್ಲ.

ಹಾಗಂತ ಎಲ್ಲ ಒಂದೇ ಕಡೆ ಹರೀತಿಲ್ಲ. ಇದೇ ಯೂಟ್ಯೂಬಿನಲ್ಲಿ ಈಗ ಹುಡುಗರ ಬ್ಯಾಂಡುಗಳು ಹಳೇ ಆಂಧ್ರ ಕ್ರೈಸ್ತವ ಕೀರ್ತನೆಗಳನ್ನೇ ಎತ್ತಿಕೊಂಡು ಅಕೌಸ್ಟಿಕ್ ಗಿಟಾರ್, ಕಹೋನ್ ಇಟ್ಟು ಹಾಡ್ತಿದ್ದಾರೆ. ಕೆಲವದರಲ್ಲಿ ರಾಗ ಪಾಶ್ಚಾತ್ಯ ಕಾರ್ಡುಗಳ ನಡುವೆ ಸಿಕ್ಕಿ ನಲುಗುತ್ತೆ, ಕೆಲವದರಲ್ಲಿ ಮೈ ಜುಂ ಅನ್ನುತ್ತೆ. ಅಮೆರಿಕದಲ್ಲೂ ದೊಡ್ಡ ಲೈಟು, ಹೊಗೆ, ಸ್ಟೇಡಿಯಂ ಸಾಕಾಗಿ, ಒಂದು ಕೋಣೆಯಲ್ಲಿ ಸುತ್ತ ಕೂತು ಹಾಡೋ ರೂಪಕ್ಕೆ ಜನ ವಾಪಸ್ ಬಂದರು. ಮ್ಯಾವರಿಕ್ ಸಿಟಿಯವರ ವಿಡಿಯೋಗಳಲ್ಲಿ ನೋಡಿರಬಹುದು. ಅಲ್ಲಿ ಮೈಕ್ ಇಲ್ಲದವರ ದನಿಯೂ ಕೇಳಿಸುತ್ತೆ. ಕೇಳಿಸೋ ಹಾಗೆ ಮಿಕ್ಸ್ ಮಾಡಿರ್ತಾರೆ ಅನ್ನೋದೂ ನಿಜ, ಆದರೂ.

ನಮ್ಮ ಚರ್ಚಿನಲ್ಲಿ ಅತ್ತೆ ಹೇಳಿದ ಮಾತನ್ನ ನಾನು ಸಂಗೀತ ತಂಡದ ಮೀಟಿಂಗ್‌ಗೆ ತಗೊಂಡು ಹೋದೆ. ಹಿರಿಯರಲ್ಲಿ ಒಬ್ಬರು ಹೊಸ ಹಾಡೇ ಬೇಡ ಅಂದರು. ಯುವಕರಲ್ಲಿ ಒಬ್ಬ, ಹಾಗಾದರೆ ನಾವೂ ಬರಲ್ಲ ಅಂದ. ಅವನು ಹಾಗೆ ಅಂದಿದ್ದು ಬೆದರಿಕೆಗಲ್ಲ, ಅವನ ಗೆಳೆಯರು ಆಗಲೇ ಪರದೆ, ಲೈಟು ಇರೋ ದೊಡ್ಡ ಚರ್ಚಿಗೆ ಹೋಗಿ ಆಗಿತ್ತು. ಹಿರಿಯರಿಗೆ ತಮ್ಮ ಹಾಡು ತಮ್ಮ ಜೊತೆಗೇ ಮಣ್ಣಿಗೆ ಹೋಗುತ್ತೆ ಅನ್ನೋ ಭಯ, ಹುಡುಗನಿಗೆ ತನ್ನ ವಯಸ್ಸಿನವರು ಒಬ್ಬರೂ ಉಳಿಯಲ್ಲ ಅನ್ನೋ ಭಯ. ಎರಡು ಗಂಟೆ ನಡೀತು. ನಾನು ಎಕ್ಸೆಲ್ ಶೀಟ್ ತೆಗೆದೆ, ಇನ್ನೇನು ಮಾಡ್ತೀನಿ. ನಾವು ಹಾಡೋ ಹಾಡುಗಳ ಸಾಲಿನಲ್ಲಿ ಪ್ರತಿಯೊಂದರ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ ಬರೆದಿಟ್ಟಿದ್ದೆ. ಹರವು ದೊಡ್ಡದಿರೋ ಹಾಡುಗಳನ್ನ ಕಾಣಿಕೆ ಎತ್ತೋ ಹೊತ್ತಿಗೆ ಇಡೋಣ, ಅಲ್ಲಿ ತಂಡ ಹಾಡಲಿ, ಜನ ಕೂತು ಕೇಳಲಿ, ನಾಚಿಕೆ ಇಲ್ಲದೆ ಕೇಳಲಿ. ಜನ ಎದ್ದು ನಿಂತು ಹಾಡೋ ಹೊತ್ತಿಗೆ ಹರವು ಚಿಕ್ಕದಿರೋದು ಮಾತ್ರ, ಹೊಸದಾದರೂ ಸರಿ, ಹಳೇದಾದರೂ ಸರಿ. ಬಿಜಿಎಂ ಕಟ್. ವಾರಕ್ಕೊಂದು ಕೀರ್ತನೆ, ಟ್ರ್ಯಾಕ್ ಇಲ್ಲದೆ. ಹಿರಿಯರು ಅರ್ಧ ಮನಸ್ಸಿನಿಂದ ಹೂಂ ಅಂದರು. ಹುಡುಗರು ಶೀಟ್ ಕಳಿಸಿ ಅಂದರು.

ಸುಲಭ ಆಗಿಲ್ಲ. ಹೊಸ ಹಾಡಿನಲ್ಲಿ ಹರವು ಚಿಕ್ಕದಿರೋದನ್ನ ಹುಡುಕೋದೇ ಕಷ್ಟ, ಇದ್ದರೂ ಅದು ಜನಪ್ರಿಯ ಆಗಿರಲ್ಲ. ಲೈವ್ ಸ್ಟ್ರೀಮಿನಲ್ಲಿ ಹೊಸ ಹಾಡು ಹಾಡಿದರೆ ಕಾಪಿರೈಟ್ ನೋಟಿಸ್ ಬರುತ್ತೆ, ಕೀರ್ತನೆಗೆ ಆ ಕಾಟ ಇಲ್ಲ. ಚೌಧರಿಯವರು ಕ್ಲೇಮ್ ಹಾಕೋಕೆ ಬರಲ್ಲ ಅಂತ ತಂಡದಲ್ಲಿ ಈಗ ಒಂದು ಜೋಕು. ಅತ್ತೆ ಮುಂದಿನ ಸಲ ಬಂದಾಗ ಅವರ ಪಕ್ಕದ ಸಾಲಿನಲ್ಲಿ ನಿಂತು ಕಿವಿಗೊಟ್ಟು ನೋಡಬೇಕು ಅಂತ ಹೆಂಡತಿಗೆ ಹೇಳಿದ್ದೀನಿ. ನಾನು ಕೀಬೋರ್ಡಿನಲ್ಲಿ ಇರ್ತೀನಿ, ನನಗೆ ಮಾನಿಟರ್ ಬಿಟ್ಟು ಬೇರೇನೂ ಕೇಳಿಸಲ್ಲ.

ಮೊನ್ನೆ ಶನಿವಾರದ ಪ್ರಾಕ್ಟೀಸಿನಲ್ಲಿ ಒಂದು ಕೀರ್ತನೆ ತೆಗೆದೆವು, ತ್ರಿಪುಟ ತಾಳ, ಏಳರ ಎಣಿಕೆ. ಆಕ್ಟೋಪ್ಯಾಡ್ ನುಡಿಸೋ ಹುಡುಗ ಹದಿನಾರು ವರ್ಷದವನು, ಯಾವ ಹೊಸ ಹಾಡು ಹೇಳಿದರೂ ಎರಡು ನಿಮಿಷದಲ್ಲಿ ಹಿಡೀತಾನೆ. ಇದಕ್ಕೆ ಪ್ಯಾಚ್ ಹುಡುಕಿ ಹುಡುಕಿ ಸಾಕಾಗಿ, "ಅಣ್ಣಾ, ಇದರಲ್ಲಿ ಇಲ್ಲ, ಕೈಯಲ್ಲೇ ಬಾರಿಸ್ಬೇಕು" ಅಂದ. ಹಾಗಾದರೆ ಬಾರಿಸು ಅಂದೆ. ಮೂರು, ಎರಡು, ಎರಡು ಅಂತ ತೊಡೆ ಮೇಲೆ ತಟ್ಟಿ ತೋರಿಸಿದೆ. ಅರ್ಧ ಗಂಟೆ ತಪ್ಪಿದ, ಬೆವರಿದ, ಮಧ್ಯೆ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದ. ಮುಂದಿನ ಭಾನುವಾರಕ್ಕೆ ಬರುತ್ತೋ ಇಲ್ವೋ ನೋಡಬೇಕು.

ನಾನು ಹೇಳಬೇಕಾದ್ದು ಇಷ್ಟು. ಪ್ರಶ್ನೆ ಇದ್ದವರು ಕೇಳಿ, ಮೈಕ್ ಹಿಂದಿನ ಸಾಲಿನಿಂದ ಬರ್ತಿದೆ.